ಹೆಸರು ಕೇಳದೆ ಕುಡಿಸಿದ ರಸ

ಶಾರದೆಯ ಕಣ್ಣು ಹಳದಿಯಾಗಿದ್ದನ್ನು ಮೊದಲು ಕಂಡದ್ದು ನಾನಲ್ಲ, ಪಕ್ಕದ ಮನೆಯ ಹಲೀಮಾಬಿ. ಹೆಂಡತಿಯ ಮುಖ ನೋಡಿ ಮಾತಾಡುವ ರೂಢಿ ನನಗಿರಲಿಲ್ಲ. ಬಿಜಾಪುರದ ಜೋರಾಪುರ ಪೇಟೆಯ ಶಾಲೆಯಲ್ಲಿ ದಿನವಿಡೀ ಮಕ್ಕಳಿಗೆ ಪ್ರಶ್ನೆ ಕೇಳಿ, ಮನೆಗೆ ಬಂದು ಪೇಪರ್ ಹಿಡಿಯುವ ಮಾಸ್ತರ ನಾನು.

ಕಾಮಣಿ.

ದವಾಖಾನೆಗೆ ಹೋಗೋಣ ಅಂದೆ. ಆಕೆ ಬಬಲೇಶ್ವರದ ಸಿದ್ದಪ್ಪಜ್ಜನ ಗಿಡಮೂಲಿಕೆಯೇ ಬೇಕೆಂದಳು. ತುಪ್ಪ ಕಾಯಿಸುವಾಗ ಆಕೆ ನುಗ್ಗೆ ಎಲೆ ಹಾಕುತ್ತಾಳೆ. ಎಷ್ಟು ದಿನವಿಟ್ಟರೂ ಕಮಟು ಹಿಡಿಯುವುದಿಲ್ಲ.

"ತುಪ್ಪ ಕೆಡದಂಗ ಎಲಿ ಕಾಯತೈತಿ. ನನ್ನ ಹೊಟ್ಟಿ ಕಾಯೂದಿಲ್ಲೇನ್ರಿ?"

ವಿಜ್ಞಾನ ಕಲಿಸುವ ನಾನೇ ಆಕೆಯನ್ನು ಬಬಲೇಶ್ವರಕ್ಕೆ ಕರೆದುಕೊಂಡು ಹೋದೆ.

ಅಜ್ಜ ನಮಗೆ ಬೆನ್ನು ಮಾಡಿ ಕುಳಿತು ಎಲೆ ಅರೆದ. ರಸವನ್ನು ಮಜ್ಜಿಗೆಯಲ್ಲಿ ಕದಡಿ ಕೊಟ್ಟ. ಗಿಡದ ಹೆಸರು ಕೇಳಬಾರದು, ಬಾಯಿಬಿಟ್ಟು ಹೇಳಿದರೆ ಅದರ ಗುಣ ಹೋಗುತ್ತದೆ ಎಂದ. ನಾನು ಕೇಳಲಿಲ್ಲ. ಮೂರು ಭಾನುವಾರ ಕುಡಿಸಿದೆ.

ನಾಲ್ಕನೆಯ ವಾರ ಆಕೆಗೆ ನನ್ನ ಗುರುತು ಸಿಗಲಿಲ್ಲ.

ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ಲಿವರ್ ಬಹಳ ಕೆಟ್ಟಿದೆ ಎಂದರು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಯಾವ ಗಿಡದ ತಪ್ಪಲ ಕೊಟ್ಟೀರಿ ಮಾಸ್ತರ? ಅದರಿಂದನ ಹಿಂಗಾತೋ ಏನೋ, ನನಗ ಗೊತ್ತಾಗಬೇಕು."

ಗೊತ್ತಿಲ್ಲ ಅಂದೆ. ಇಷ್ಟು ಅಸಹಾಯಕನಾಗಿ ನಾನು ಯಾರೆದುರೂ ನಿಂತಿರಲಿಲ್ಲ.

ಹಲೀಮಾಬಿಯನ್ನು ಹೆಂಡತಿಯ ಹತ್ತಿರ ಕೂರಿಸಿ ಬಬಲೇಶ್ವರಕ್ಕೆ ಓಡಿದೆ. ಹೆಸರು ಹೇಳೆಂದು ಅಜ್ಜನ ಕಾಲು ಹಿಡಿದೆ. ಅವನು ಎದ್ದು ರುಮಾಲು ಸುತ್ತಿಕೊಂಡು, ಹಿತ್ತಲಿಗೆ ಹೋಗಿ ಬಂದು, ನನ್ನ ಜತೆ ಬಸ್ಸು ಹತ್ತಿದ. ಡಾಕ್ಟರ ಮೇಜಿನ ಮೇಲೆ ಬೇರುಸಹಿತ ಒಂದು ಗಿಡ ಇಟ್ಟು, "ನೆಲನೆಲ್ಲಿ. ಇಷ್ಟ ನೋಡ್ರಿ," ಎಂದ.

ನಮ್ಮ ಶಾಲೆಯ ಹಿಂದೆ ಮಳೆಗಾಲದಲ್ಲಿ ಮಕ್ಕಳು ತುಳಿದಾಡುವ ಗಿಡ.

ಇದರಿಂದ ಕೇಡಾಗಿರಲಿಕ್ಕಿಲ್ಲ, ತಡ ಮಾಡಿದ್ದೇ ಕೇಡು ಎಂದರು ಡಾಕ್ಟರು. ಮುಂದೆ ಇಪ್ಪತ್ತು ದಿನ ಸಲೈನಿನ ಹನಿ ಬೀಳುವುದನ್ನು ನೋಡುತ್ತ ಕೂತದ್ದು ಬಿಟ್ಟರೆ ನನ್ನಿಂದ ಏನೂ ಆಗಲಿಲ್ಲ.

ಈಗ ಶಾರದೆ ಮನೆಯಲ್ಲಿದ್ದಾಳೆ. ಗಂಜಿ ಕುಡಿಯುತ್ತಾಳೆ. ತುಪ್ಪ ಮುಟ್ಟುವಂತಿಲ್ಲ. ಪೂರ್ತಿ ಗುಣವಾಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ದಿನಾ ಬೆಳಗ್ಗೆ ಆಕೆಯ ಕಣ್ಣು ನೋಡಿಯೇ ಶಾಲೆಗೆ ಹೋಗುತ್ತೇನೆ.

ಹೋದ ಭಾನುವಾರ ಆಕೆಯ ಸುದ್ದಿಯನ್ನು ಅಜ್ಜನಿಗೆ ತಿಳಿಸಲು ಹೋಗಿದ್ದೆ. ತಿಕೋಟಾದಿಂದ ಕೂಸನ್ನು ಎತ್ತಿಕೊಂಡು ಬಂದಿದ್ದ ತಾಯಿಯನ್ನು ಅವನು ದವಾಖಾನೆಗೆ ಹೋಗೆಂದು ತಿರುಗಿ ಕಳಿಸುತ್ತಿದ್ದ. ಔಷಧ ಯಾಕೆ ಕೊಡಲಿಲ್ಲವೆಂದು ಕೇಳಿದೆ.

"ಹೆಸರು ಹೇಳೀನಲ್ಲ ಮಾಸ್ತರ. ಇನ್ನ ಅದು ಬರೇ ತಪ್ಪಲ."

ಆಮೇಲೆ ಅವನೇ ಕೇಳಿದ:

"ಮನ್ಯಾಗ ತಂಗಿ ಉಣ್ಣಾಕತ್ತಾಳೇನು?"

ಹೂಂ ಅಂದೆ.

"ಸಾಕು ಬಿಡು," ಎಂದ.