ಗೋಡು ಹೊಡೆಸಿದ ತೋಟ

ನಮ್ಮ ಹಿಪ್ಪುನೇರಳೆ ತೋಟದ ಅರ್ಧ ಸುಟ್ಟದ್ದು ಯಾರ ಕಣ್ಣು ಬಿದ್ದೂ ಅಲ್ಲ. ಉಪ್ಪಿನಿಂದ. ಆ ಉಪ್ಪನ್ನು ಟ್ರ್ಯಾಕ್ಟರಿಗೆ ಬಾಡಿಗೆ ಕೊಟ್ಟು ತರಿಸಿದವರು ನಮ್ಮ ಯಜಮಾನರು.

ಬೇಸಿಗೆಯಲ್ಲಿ ಕೆರೆ ಇಳಿದಾಗ ತಳದ ಗೋಡು ಮಣ್ಣು ತಂದು ಹೊಲಕ್ಕೆ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕಪ್ಪಾದಷ್ಟೂ ಒಳ್ಳೆಯದು, ನಡುಕೆರೆಯದಾದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ. ಕೆರೆ ತುಂಬಿ ಕೋಡಿ ಹರಿಯುತ್ತಿದ್ದ ಕಾಲಕ್ಕೆ ಆ ಮಾತು ಸರಿ. ಈಗ ಪಟ್ಟಣದ ಬಳಸಿದ ನೀರು ಬಂದು ಸೇರುತ್ತದೆ. ರಸ್ತೆ ಎತ್ತರಿಸಿದ ಮೇಲೆ ಕೋಡಿ ಮುಚ್ಚಿಹೋಗಿದೆ. ಬಂದ ನೀರು ಬಿಸಿಲಿಗೆ ಆರಬೇಕೇ ಹೊರತು ಬೇರೆ ದಾರಿಯಿಲ್ಲ. ದಡದ ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ. ಯಜಮಾನರು ಆ ಬಿಳುಪನ್ನು ದಾಟಿಕೊಂಡೇ ಹೋಗಿ ನಡುಕೆರೆಯ ಗೋಡು ತುಂಬಿಸಿಕೊಂಡು ಬಂದರು.

ಗೋಡು ಬಿದ್ದ ಕಡೆ ಎಲೆಯ ಅಂಚು ಕಂದಿತು. ಆಮೇಲೆ ಎಲೆಯೇ ಸುಟ್ಟಿತು. ಯಜಮಾನರು ದೃಷ್ಟಿಗೆಂದು ಬೇಲಿಗೆ ಬೂದುಗುಂಬಳ ಕಟ್ಟಿದರು. ಎಲೆ ಸುಡುವುದು ನಿಲ್ಲಲಿಲ್ಲ. ಕುಂಬಳ ಚೆನ್ನಾಗಿತ್ತು, ಇಳಿಸಿ ಹುಳಿ ಮಾಡಿದೆ.

ಮನೆಯೊಳಗೆ ರೇಷ್ಮೆ ಹುಳಗಳು ದೊಡ್ಡವಾಗುತ್ತಿದ್ದವು. ಇನ್ನು ಮೇಲೆ ಅವಕ್ಕೆ ಹಗಲೂ ರಾತ್ರಿ ಸೊಪ್ಪು ಬೇಕು. ಉಳಿದದ್ದು ಅರ್ಧ ತೋಟ. ಅದೂ ಹೋದರೆ ಹುಳವನ್ನು ತಿಪ್ಪೆಗೆ ಚೆಲ್ಲಬೇಕು.

ಆಗ ಕಾಲೇಜಿನ ಹುಡುಗಿಯೊಬ್ಬಳು ಬಂದು ಪರೀಕ್ಷೆಗೆಂದು ಕೆರೆಯ ಕೆಸರಿಗೆ ಪೈಪು ಚುಚ್ಚಿ ಮಣ್ಣು ಎತ್ತುತ್ತಿದ್ದಳು. ಮೇಲಿನ ಮಣ್ಣು ಒಂದು ಕವರಿಗೆ, ಕೆಳಗಿನದು ಇನ್ನೊಂದಕ್ಕೆ. ನಾನು ತೋಟದ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, "ಇದನ್ನೂ ನೋಡವ್ವ" ಎಂದು ಕೊಟ್ಟೆ. ಕಾಲೇಜಿನಲ್ಲಿ ಪರೀಕ್ಷೆ ಮಾಡಿಸಿಕೊಂಡು ಒಂದು ಸಂಜೆ ಮನೆಗೇ ಬಂದಳು.

"ಅಜ್ಜಿ, ಇದರಲ್ಲಿ ಉಪ್ಪು ತುಂಬಾ ಇದೆ. ಕೆರೆ ನೀರು ಆವಿಯಾಗಿ ಹೋಗುತ್ತೆ, ಉಪ್ಪು ಹೋಗಲ್ಲ. ನಡುವೆ ಇರೋ ನುಣ್ಣನೆ ಜೇಡಿ ಅದನ್ನ ಹಿಡ್ಕೊಂಡು ಕೂತಿದೆ."

"ಕುದ್ದೂ ಕುದ್ದೂ ಬತ್ತಿದ ಸಾರು ಅನ್ನು."

"ಹ್ಞೂಂ, ಹಂಗೇ."

"ಈಗ ತೆಗೆಯೋದೆಂಗೆ?"

"ಒಳ್ಳೆ ನೀರು ನಿಲ್ಲಿಸಿ ತೊಳೀಬೇಕು. ನಿಮ್ಮ ಬೋರ್ ನೀರು ಹೆಂಗಿದೆ?"

"ಬೇಳೆ ಚೆನ್ನಾಗಿ ಬೇಯ್ತದೆ."

ಹುಡುಗಿ ನಕ್ಕಳು. "ಹಂಗಾದ್ರೆ ಆಗುತ್ತೆ. ಆದ್ರೆ ನೀರು ಹೊರಗೆ ಹೋಗೋಕೆ ದಾರಿ ಬಿಡಿ. ಇಲ್ಲಾಂದ್ರೆ ನಿಮ್ಮ ತೋಟಾನೂ ಆ ಕೆರೆ ಥರಾನೇ ಆಗುತ್ತೆ."

ಜಗಲಿಯ ಮೇಲಿದ್ದ ಯಜಮಾನರಿಗೆ ತಡೆಯಲಾಗಲಿಲ್ಲ. "ಗೋಡು ಹಾಕಿ ಕೆಟ್ಟೋರು ಯಾರವ್ವ? ಅದು ಒಂದು ಮಳೆ ಕಾಣ್ಬೇಕು ಅಷ್ಟೇ. ನಾಳೆ ಉಳಿದ ಅರ್ಧಕ್ಕೂ ಹೊಡಿಸ್ತೀನಿ. ಟ್ರ್ಯಾಕ್ಟರ್‌ನೋನಿಗೆ ಹೇಳಾಗೈತೆ."

"ಹೊಡಿಸಿ," ಎಂದೆ. "ಹುಳಾನ ನಿಮ್ಮ ತಲೆ ಮೇಲೆ ಬಿಡ್ತೀನಿ, ಮೇಯ್ಲಿ."

"ನನ್ನ ತಲೆ ಮೇಲೆ ಏನೈತೆ ಮೇಯಾಕೆ?"

"ಅದಕ್ಕೇ ಹೇಳ್ತಿರೋದು, ಇರೋ ಸೊಪ್ಪು ಉಳಿಸ್ರಿ ಅಂತ."

ಹುಡುಗಿ ನಗು ತಡೆದುಕೊಂಡು ಕಾಫಿ ಮುಗಿಸಿ ಬಸ್ಸಿಗೆ ಹೋದಳು. ಯಜಮಾನರು ಟ್ರ್ಯಾಕ್ಟರಿನವನಿಗೆ ಫೋನು ಮಾಡಿ, ಬೇಗ ಬಾ ಎಂದು ಇನ್ನೊಮ್ಮೆ ಹೇಳಿದರು. ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದರು.

ಚೆನ್ನಾಗಿರುವ ಅರ್ಧ ಒಳಗಡೆಗಿದೆ. ಸುಟ್ಟ ಅರ್ಧವನ್ನು ದಾಟದೆ ಯಾವ ಗಾಡಿಯೂ ಅಲ್ಲಿಗೆ ಹೋಗಲಾರದು. ಮಾರನೆಯ ಬೆಳಿಗ್ಗೆ ಮೂರು ಫೇಸ್ ಕರೆಂಟು ಬಂದ ಕೂಡಲೇ ಹೋಗಿ ಮೋಟಾರು ಹಾಕಿ, ಸುಟ್ಟ ಅರ್ಧಕ್ಕೆ ನೀರು ತಿರುಗಿಸಿದೆ. ಕೆಳಗಿನ ಬದುವನ್ನು ಗುದ್ದಲಿಯಲ್ಲಿ ಕಡಿದು ಹಳ್ಳದ ಕಡೆ ದಾರಿ ಮಾಡಿದೆ. ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆಯುವ ಹೊತ್ತಿಗೆ ಅಲ್ಲಿ ಎಮ್ಮೆ ಇಳಿದರೂ ಹೂತುಕೊಳ್ಳುವಷ್ಟು ಕೆಸರಿತ್ತು. ಯಜಮಾನರು ದಾರಿಯಲ್ಲಿ ನಿಂತು ಕೂಗುತ್ತಿದ್ದರು. ಹುಳಕ್ಕೆ ಹೊತ್ತಾಗಿತ್ತು. ನಾನು ಕುಡುಗೋಲು ಹಿಡಿದು ಸೊಪ್ಪು ಕೊಯ್ಯಲು ಬದುವಿನ ಮೇಲೆ ನಡೆದು ಒಳಗಿನ ಅರ್ಧಕ್ಕೆ ಹೋದೆ.