ಎದೆಯ ಮೇಲೊಂದು ತಾಸು

ನಿದ್ದೆಯಲ್ಲಿ ನಾನು ಹಾಸಿಗೆಯ ನಾಲ್ಕೂ ಮೂಲೆಗಳಿಗೆ ಸಂಚಾರ ಕೈಗೊಳ್ಳುತ್ತೇನೆಂಬುದು ನನ್ನ ಶ್ರೀಮತಿಯ ಬಹುಕಾಲದ ದೂರು. ಇಂಥ ಚಂಚಲಮೂರ್ತಿಯನ್ನು ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ಒಂದು ತಾಸು ಕದಲದಂತೆ ಕೂರಿಸಿದ ಕೀರ್ತಿ ಒಂದೂವರೆ ಕಿಲೋ ತೂಕದ ನನ್ನ ಮೊಮ್ಮಗಳಿಗೆ ಸಲ್ಲಬೇಕು.

ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಹೆತ್ತ ಮಗಳು ಸವಿತಾಳಿಗೆ ಜ್ವರ, ಅಳಿಯನಿಗೆ ನೆಗಡಿ. ಕೂಸನ್ನು ಬರಿಯೆದೆಗೆ ಆನಿಸಿಕೊಂಡು ಬೆಚ್ಚಗಿಡಲು ಯಾರಾದರೂ ಬೇಕೆಂದಾಗ, ಮಸ್ಕಿಯಿಂದ ಬುತ್ತಿ ತಂದಿದ್ದ ನಾನೇ ಸಿಕ್ಕಿದೆ. ನರ್ಸ್ ರೆಹಾನಾ ನನ್ನ ಅಂಗಿ ಬಿಚ್ಚಿಸಿ, ಕೂಸನ್ನು ಎದೆಗೆ ಕಟ್ಟಿ, ಅದರ ಕಾಲಿಗಂಟಿಸಿದ ತಂತಿಯನ್ನು ಉಸಿರು, ನಾಡಿ ಕಾಯುವ ಪಕ್ಕದ ಯಂತ್ರಕ್ಕೆ ಸಿಕ್ಕಿಸಿದಳು.

"ನೀವು ಅಲುಗ್ಯಾಡಬ್ಯಾಡ್ರಿ ಅಜ್ಜಾರ. ಆಕಿ ಅಲುಗ್ಯಾಡಿದ್ರ ಅಂಜಬ್ಯಾಡ್ರಿ. ಹೊಟ್ಟ್ಯಾಗ ಮಾಡ್ತಿದ್ದದ್ದನ್ನ ಇಲ್ಲಿ ಮಾಡಾಕತ್ತಾಳ."

ಕೂಸು ನಿದ್ದೆಯಲ್ಲೇ ಬೆಚ್ಚಿ ಕೈ ಚೆಲ್ಲುತ್ತಿತ್ತು, ಕಾಲು ನಡುಗಿಸುತ್ತಿತ್ತು, ಮುಚ್ಚಿದ ರೆಪ್ಪೆಯಡಿ ಕಣ್ಣುಗಳು ಓಡಾಡುತ್ತಿದ್ದವು. ಪ್ರತಿ ಕಂಪನಕ್ಕೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಆಮೇಲೆ ಅದು ಸುಮ್ಮನಾಯಿತು. ಸುಮ್ಮನೆ ಕೂತ ಮಗುವೇ ಜಾಣ ಮಗುವೆಂದು ನಿವೃತ್ತಿಯವರೆಗೂ ನಂಬಿದ್ದ ಮಾಸ್ತರ ನಾನು. ನನ್ನ ಎದೆಯ ಮಹಿಮೆಯಿಂದಲೇ ಗಾಢನಿದ್ರೆ ಬಂದಿತೆಂದು ಬೀಗಿದೆ.

ಅಷ್ಟರಲ್ಲಿ ಅದರ ಬೆನ್ನು ಏರಿಳಿಯುತ್ತಿಲ್ಲವೆಂಬುದು ಅಂಗೈಗೆ ತಿಳಿಯಿತು. ತುಟಿಯ ಸುತ್ತ ನೀಲಿ. ಕೂಗಲು ಬಾಯಿ ತೆರೆದೆ. ನನಗಿಂತ ಮೊದಲು ಯಂತ್ರವೇ ಕಿರುಚಿಕೊಂಡಿತು.

ರೆಹಾನಾ ಓಡಿಬಂದು ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ಏನೂ ಆಗಲಿಲ್ಲ. ಮತ್ತೆ ತಟ್ಟಿ, ಬೆನ್ನು ತಿಕ್ಕಿದಳು. "ಏಳವ್ವಾ, ಏಳು!"

ಕೂಸು ಮೈಮುರಿದು, ಮುಖ ಕಿವುಚಿ, ಉಸಿರೆಳೆದುಕೊಂಡಿತು.

"ಏನಾಗಿತ್ತವ್ವಾ?" ನನ್ನ ಧ್ವನಿ ನನಗೇ ಪರಕೀಯವಾಗಿತ್ತು.

"ಅವಸರ ಮಾಡಿ ಬಂದ ಕೂಸುಗಳು ಒಮ್ಮೊಮ್ಮೆ ಉಸಿರಾಡೋದ ಮರೀತಾವ್ರಿ. ಬೆಳದಂಗ ಕಲೀತಾವ. ಇಳಿಸ್ಲೇನ್ರಿ?"

"ಬ್ಯಾಡವ್ವಾ. ಇಲ್ಲೇ ಇರ್ಲಿ."

ಅವಳು ಯಂತ್ರದ ಅಂಕಿಗಳನ್ನು ನೋಡಿ, ಹ್ಞೂಂ ಎಂದು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಮೂಗು ತುರಿಸಿದರೂ ನಾನು ಕೈಯೆತ್ತಲಿಲ್ಲ. ಕೂಸಿನ ಕಾಲು ನಡುಗಿದಾಗಲೆಲ್ಲ, ಆಗ ಅಂಜಿದವನು ಈಗ ಹಿಗ್ಗಿದೆ.

ಮೂರು ವಾರಗಳ ನಂತರ, ಒಮ್ಮೆಯೂ ಉಸಿರು ಮರೆಯದ ಎಷ್ಟೋ ದಿನಗಳನ್ನು ಕಂಡ ಮೇಲೆ, ವೈದ್ಯರು ಮನೆಗೆ ಕಳಿಸಿದರು. ಮಸ್ಕಿಯ ಮನೆಯಲ್ಲಿ ಆ ಮಧ್ಯಾಹ್ನ ಕೂಸು ನಿಶ್ಚಲವಾಗಿ ಮಲಗಿತ್ತು. ನಾನು ಐದನೆಯ ಸಲ ಬಗ್ಗಿ ನೋಡಿದೆ. ಸವಿತಾ ನನ್ನ ಕೈ ಹಿಡಿದು ಕೂಸಿನ ಹೊಟ್ಟೆಯ ಮೇಲಿಟ್ಟಳು. ಅದು ಮೆಲ್ಲಗೆ ಏರಿತು, ಇಳಿಯಿತು.

"ಚೊಲೋ ಮಲಗ್ಯಾಳಪ್ಪಾ," ಎಂದಳು. "ನೀನೂ ಒಂಚೂರು ಮಲಕ್ಕೋ ಹೋಗು."