ಉಸ್ಮಾನ್ ಭಾಯಿಯ ಹೆಸರಿನ ಚೀಟಿ

ನಮ್ಮ ಯಜಮಾನರು ತೀರಿಕೊಂಡು ಹತ್ತು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ಅವರ ಕಡೆಯ ದಿನಗಳನ್ನು ಕೇಳುತ್ತಾರೆ. ಯಾವ ಆಸ್ಪತ್ರೆ, ಎಷ್ಟು ದಿನ ಇದ್ದರು, ಮಾತಾಡುತ್ತಿದ್ದರೋ ಇಲ್ಲವೋ ಎಂದು. ನಾನು ಹೇಳುತ್ತೇನೆ. ಆದರೆ ಒಬ್ಬಳೇ ಕೂತಾಗ ನನ್ನ ಕಣ್ಣ ಮುಂದೆ ಬರುವುದು ಆಸ್ಪತ್ರೆಯ ಮಂಚವಲ್ಲ, 1961ರಲ್ಲಿ ಬರೋಡಾದ ರೈಲ್ವೆ ಕಾಲೋನಿಯಲ್ಲಿ ನಾವು ಕಳೆದ ಒಂದು ತಿಂಗಳು.

ನಾವು ಗದಗಿನ ಕಡೆಯ ಕ್ರೈಸ್ತರು. ಯಜಮಾನರು ಸ್ಟೇಷನ್ನಿನ ಟೆಲಿಗ್ರಾಫ್ ಕಚೇರಿಯಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿ ಎರಡು ವರ್ಷವಾಗಿತ್ತು, ನನಗೆ ಇಪ್ಪತ್ತೆರಡು. ಕಾಲೋನಿಯಲ್ಲಿ ಎರಡೆರಡು ಕೋಣೆಯ ಮನೆಗಳು ಸಾಲಾಗಿದ್ದವು. ನಮಗೂ ಪಕ್ಕದ ಮನೆಗೂ ಒಂದೇ ಅಂಗಳ, ನಡುವೆ ಒಂದು ಬೇವಿನ ಮರ. ಪಕ್ಕದ ಮನೆಯ ಉಸ್ಮಾನ್ ಭಾಯಿ ಇಂಜಿನ್ ಡ್ರೈವರ್. ಅಹಮದಾಬಾದಿಗೂ ಸೂರತ್ತಿಗೂ ನಡುವೆ ಪ್ಯಾಸೆಂಜರ್ ಗಾಡಿ ಓಡಿಸುತ್ತಿದ್ದರು. ಹೆಂಡತಿ ಜುಲೇಖಾ ಭಾಭಿ, ಎಂಟು ವರ್ಷದ ಮಗಳು ಹಮೀದಾ. ಅವರೊಂದಿಗೆ ನನ್ನ ಮಾತೆಲ್ಲ ಹರಕು ಹಿಂದಿಯಲ್ಲಿ.

ಕಾಲೋನಿಯಲ್ಲಿ ಕ್ರೈಸ್ತರ ಐದು ಮನೆಗಳಿದ್ದವು. ಪ್ರತಿ ಬುಧವಾರ ಸಂಜೆ ಒಂದು ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದೆವು. ಹುಬ್ಬಳ್ಳಿಯ ಎಸ್ತೇರಬಾಯಿ ರೈಲ್ವೆ ಆಸ್ಪತ್ರೆಯಲ್ಲಿ ನರ್ಸು, ಮಾತು ಬಹಳ ಖಾರ. ಎಲ್ಲರಿಗಿಂತ ಹಿರಿಯರೆಂದರೆ ದಾನಿಯೇಲ್ ಕಾಕಾ. ಅವರು ಆಣಂದದ ಕಡೆಯ ಗುಜರಾತಿ ಕ್ರೈಸ್ತರು, ಇಂಜಿನ್ ನಿಲ್ಲಿಸುವ ಲೋಕೋ ಶೆಡ್ಡಿನಿಂದ ನಿವೃತ್ತರಾದವರು. ಈಸ್ಟರಿಗೆ ಮುಂಚಿನ ನಲವತ್ತು ದಿನದ ಲೆಂಟ್ ಶುರುವಾದಾಗ ನಮ್ಮಲ್ಲಿ ಒಂದು ರೂಢಿಯಿತ್ತು. ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಹೆಸರು ಬರೆದ ಚೀಟಿಗಳನ್ನು ಹಾಕಿ ಅಲ್ಲಾಡಿಸುವುದು. ಯಾರ ಕೈಗೆ ಯಾರ ಚೀಟಿ ಬರುತ್ತದೋ ಅವರಿಗಾಗಿ ಅಷ್ಟು ದಿನವೂ ಪ್ರಾರ್ಥಿಸುವುದು. ಯಾರಿಗೂ ಹೇಳುವಂತಿಲ್ಲ.

ಆ ವರ್ಷ ನಮ್ಮ ಲೆಂಟೂ ಮುಸ್ಲಿಮರ ರಂಜಾನೂ ಒಂದೇ ವಾರದಲ್ಲಿ ಬಂದವು. ಯಜಮಾನರು ಡಬ್ಬಿ ತೆರೆಯುವ ಮುಂಚೆ, ಈ ಸಲ ಕಾಲೋನಿಯ ಮುಸ್ಲಿಂ ಮನೆಗಳ ಹೆಸರು ಹಾಕೋಣವೇ ಎಂದು ಕೇಳಿದರು. ಅವರೂ ಉಪವಾಸ, ನಾವೂ ಉಪವಾಸ ಎಂದರು. ದಾನಿಯೇಲ್ ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. ಪ್ರಾರ್ಥಿಸುವುದು ಸರಿ, ಏನೆಂದು ಪ್ರಾರ್ಥಿಸುವುದು, ಅವರು ನಮ್ಮ ದಾರಿಗೆ ಬರಲಿ ಎಂದಲ್ಲದೆ ಬೇರೇನು ಎಂದರು. ಅವರು ತಮ್ಮ ದೇವರನ್ನು ಏನು ಬೇಡುತ್ತಾರೋ ಅದಕ್ಕೇ ನಾವು ಆಮೆನ್ ಅನ್ನೋಣ ಎಂದರು ಯಜಮಾನರು. ಅವರೇನು ಬೇಡುತ್ತಾರೆಂದು ನಮಗೆ ಹೇಗೆ ಗೊತ್ತು ಎಂದು ಕಾಕಾ ಮತ್ತೆ ಕೇಳಿದರು.

ಎಸ್ತೇರಬಾಯಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದಳು, "ಹೋಗಿ ಕೇಳಿದ್ರ ಗೊತ್ತಾಗ್ತದ. ಆಸ್ಪತ್ರ್ಯಾಗ ಪೇಷಂಟನ್ನ ಕೇಳಲಾರದ ಔಷಧ ಕೊಡ್ತೀವೇನು?" ಆಮೇಲೆ ಅದನ್ನೇ ಹಿಂದಿಯಲ್ಲಿ ಕಾಕಾಗೆ ಹೇಳಿದಳು.

ಹೀಗೆ ಗುಟ್ಟಾಗಿದ್ದ ರೂಢಿ ಆ ವರ್ಷ ಬಾಗಿಲು ತಟ್ಟುವ ರೂಢಿಯಾಯಿತು. ನನ್ನ ಕೈಗೆ ಬಂದ ಚೀಟಿ ಉಸ್ಮಾನ್ ಭಾಯಿಯ ಮನೆಯದು.

ಬರಿಗೈಯಲ್ಲಿ ಹೇಗೆ ಹೋಗುವುದೆಂದು ನಾನು ಕರ್ಚಿಕಾಯಿ ಕರಿದು, ತಟ್ಟೆ ತುಂಬಿಕೊಂಡು, ರೋಜಾ ಉಪವಾಸದ ಎರಡನೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಹೋದೆ. ಭಾಭಿ ಅಕ್ಕಿ ಆರಿಸುತ್ತಿದ್ದಳು. ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. ಆಗ ನನಗೆ ಹೊಳೆಯಿತು. ನೀರು ಕೂಡ ಕುಡಿಯದೆ ಕೂತವರ ಮುಂದೆ ಬೆಲ್ಲ ಕೊಬ್ಬರಿ ಘಮಘಮಿಸುವ ತಟ್ಟೆ ಹಿಡಿದು ನಿಂತಿದ್ದೆ. ನೆಲ ಬಾಯಿ ತೆರೆದಿದ್ದರೆ ಇಳಿದುಬಿಡುತ್ತಿದ್ದೆ.

"ಇಡು ಬೆಹನ್," ಅಂದಳು ಭಾಭಿ. "ಸೂರ್ಯ ಮುಳುಗಿದ ಮೇಲೆ ನೀನೇ ಬಂದು ಬಡಿಸು. ಅಲ್ಲಿಯವರೆಗೆ ಈ ವಾಸನೆಗೆ ನನ್ನ ರೋಜಾ ಉಳಿದರೆ ಸಾಕು." ಹೇಳಿ ಜೋರಾಗಿ ನಕ್ಕಳು.

ನಾನು ಬಂದ ವಿಷಯ ಹೇಳಿದೆ. ಅವಳ ನಗು ನಿಂತಿತು. ಮೊರ ಪಕ್ಕಕ್ಕಿಟ್ಟು ಹೇಳತೊಡಗಿದಳು. ಉಸ್ಮಾನ್ ಭಾಯಿ ಡ್ರೈವರುಗಳ ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿದ್ದರು. ಕತ್ತಲ ಕೋಣೆಯಲ್ಲಿ ತೋರಿಸಿದ ದೀಪಗಳನ್ನು ಗುರುತಿಸಿ ಹೇಳಲಾಗಲಿಲ್ಲವಂತೆ. ಆರು ವಾರ ಬಿಟ್ಟು ಇನ್ನೊಂದು ಸಲ ನೋಡುತ್ತಾರೆ, ಆಗಲೂ ಆಗದಿದ್ದರೆ ಮತ್ತೆಂದೂ ಇಂಜಿನ್ ಇಲ್ಲ. ಅಲ್ಲಿಯವರೆಗೆ ಶೆಡ್ಡಿನಲ್ಲಿ ಬೆಂಚಿನ ಮೇಲೆ ಕೂರುವುದು. ಇಪ್ಪತ್ತೆರಡು ವರ್ಷ ಇಂಜಿನ್ ಮೇಲೆ ನಿಂತವರು ಮನೆಗೆ ಬಂದು ಯಾರೊಂದಿಗೂ ಮಾತಾಡುವುದಿಲ್ಲ ಎಂದಳು. "ಅವರನ್ನ ಇಂಜಿನ್ ಹತ್ತಿಸಿಬಿಡು ಅಂತ ಕೇಳು. ನನಗೆ ಬೇರೇನೂ ಬೇಡ."

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. "ಕಣ್ಣು ಖರೇನ ಮಂಜಾಗಿದ್ರ? ಹಿಂದ ಡಬ್ಬಿ ತುಂಬ ಮಂದಿ ಕೂತಿರ್ತಾರ. ಪಾಸ್ ಮಾಡು ಅಂತ ಹೆಂಗ ಕೇಳೂದು?" ಎಂದರು. ಅವರು ಬೇಡಿದ್ದಕ್ಕೆ ಆಮೆನ್ ಅನ್ನೋಣ ಎಂದವರು ನೀವೇ ಅಲ್ಲವೇ ಎಂದು ನನಗೆ ಸಿಟ್ಟು ಬಂತು. "ಕಣ್ಣು ಬರಲಿ ಅಂತ ಕೇಳೂಣು. ಪಾಸಿನ ಮಾತು ಬ್ಯಾಡ," ಎಂದರು. ಎರಡು ದಿನ ನಮ್ಮಿಬ್ಬರಿಗೆ ಮಾತಿಲ್ಲ. ಪ್ರಾರ್ಥನೆಯಲ್ಲಿ ಅವರು ತಮ್ಮ ಮಾತು ಹೇಳುವಾಗ ನಾನು ಮನಸ್ಸಿನಲ್ಲಿ ಭಾಭಿಯ ಮಾತನ್ನೇ ಹೇಳುತ್ತಿದ್ದೆ.

ಮುಂದಿನ ವಾರ ಭಾಭಿ ನಮ್ಮಿಬ್ಬರನ್ನೂ ಇಫ್ತಾರಿಗೆ ಕರೆದಳು. ಬೇವಿನ ಮರದ ಕೆಳಗೆ ಚಾಪೆ. ಅಂದು ಉಸ್ಮಾನ್ ಭಾಯಿ ಮಾತಾಡುವ ಮನಸ್ಸಿನಲ್ಲಿದ್ದರು. ಇಂಜಿನ್ ಮೇಲೆ ಡ್ರೈವರ್ ಸಿಗ್ನಲ್ ಕಂಡು ಕೂಗಿ ಹೇಳಿದರೆ ಕಲ್ಲಿದ್ದಲು ಹಾಕುವ ಫೈರ್‌ಮನ್ ತನ್ನ ಕಣ್ಣಿಂದಲೇ ನೋಡಿ ಅದನ್ನು ತಿರುಗಿ ಹೇಳಬೇಕು, ಫೈರ್‌ಮನ್ ಮೊದಲು ಕಂಡರೆ ಡ್ರೈವರ್ ನೋಡಿ ಹೇಳಬೇಕು ಎಂದು ವಿವರಿಸಿದರು. ಸಿಗ್ನಲ್ಲಿನ ಕೈ ಕೆಳಗಿಳಿದರೆ ದಾರಿ ತೆರೆದಿದೆ ಎಂದರ್ಥ. "ಸಿಗ್ನಲ್ ಡೌನ್ ಹೈ" ಎಂದು ಒಬ್ಬ, "ಸಿಗ್ನಲ್ ಡೌನ್ ಹೈ" ಎಂದು ಇನ್ನೊಬ್ಬ. ನಿಮ್ಮ ಆಮೆನ್ ಇದ್ದಂತೆ ಎಂದು ನಕ್ಕರು. ಅಷ್ಟರಲ್ಲಿ ಶೆಡ್ಡಿನಾಚೆಯಿಂದ ಅಜಾನ್ ಕೇಳಿಸಿತು. ಬೆಳಕು ಇಳಿದಿತ್ತು, ಆದರೆ ನನಗೆ ತಟ್ಟೆಯ ಖರ್ಜೂರಗಳು ಒಂದೊಂದಾಗಿ ಕಾಣುತ್ತಿದ್ದವು. ಉಸ್ಮಾನ್ ಭಾಯಿಯ ಕೈ ತಟ್ಟೆಯ ಪಕ್ಕದ ಚಾಪೆಯನ್ನು ತಡಕಾಡಿತು. ಹಮೀದಾ ಒಂದು ಖರ್ಜೂರ ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು. ಅದು ಮೊದಲ ಸಲ ಮಾಡಿದಂತಿರಲಿಲ್ಲ.

ನಮ್ಮ ಸೋದರತ್ತೆಗೆ ಇರುಳುಗಣ್ಣು ಬಂದಿತ್ತು. ಹಗಲು ಸೂಜಿಗೆ ದಾರ ಪೋಣಿಸುವವಳು ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲು ಎಡವುತ್ತಿದ್ದಳು. ನನಗೆ ಕೂಡಲೇ ಅದು ನೆನಪಾಯಿತು. ಮರುದಿನ ಎಸ್ತೇರಬಾಯಿಗೆ ಹೇಳಿದೆ. ಅವಳು ತಡಮಾಡದೆ ಉಸ್ಮಾನ್ ಭಾಯಿಯನ್ನು ಅಂಗಳದಲ್ಲೇ ನಿಲ್ಲಿಸಿ, "ಡ್ರೈವರ್ ಸಾಹೇಬ್, ಎಷ್ಟು ದಿನದಿಂದ?" ಎಂದು ಕೇಳಿಬಿಟ್ಟಳು.

ಅವರು ನನ್ನ ಕಡೆ ತಿರುಗಿದರು. "ಪ್ರಾರ್ಥನೆ ಮಾಡ್ತೀನಿ ಅಂತ ಬಂದು ನನ್ನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ ಬೆಹನ್," ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಇರುಳುಗಣ್ಣೆಂದು ಡಾಕ್ಟರರ ಕಿವಿಗೆ ಬಿದ್ದರೆ ಎರಡನೆಯ ಪರೀಕ್ಷೆಯೂ ಇಲ್ಲದೆ ತನ್ನ ಕೆಲಸ ಅಲ್ಲಿಗೇ ಮುಗಿಯಿತೆಂದು ಅವರು ನಂಬಿದ್ದರು. ಮೂರು ದಿನ ಆ ಮನೆಯ ಬಾಗಿಲು ನಮಗೆ ತೆರೆಯಲಿಲ್ಲ. ಹಮೀದಾ ಕೂಡ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ನಾಲ್ಕನೆಯ ದಿನ ರೋಜಾ ಬಿಟ್ಟ ಮೇಲೆ ಯಜಮಾನರು ಹೋಗಿ ಅವರ ಕಟ್ಟೆಯ ಮೇಲೆ ಕೂತರು. ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ. ಯಜಮಾನರು, ಒಂದು ದಿನ ನಿಮ್ಮ ಗಾಡಿಯಲ್ಲಿ ನಾನೂ ನನ್ನ ಹೆಂಡತಿಯೂ ಕೂತಿರುತ್ತೇವೆ, ಅಷ್ಟೇ ನನ್ನ ಯೋಚನೆ ಎಂದರು.

ಆಗ ಉಸ್ಮಾನ್ ಭಾಯಿ ಎಲ್ಲ ಹೇಳಿದರು. ಹಿಂದಿನ ಮಳೆಗಾಲದಿಂದ ಹೊಟ್ಟೆ ಕೆಟ್ಟು ಏನು ತಿಂದರೂ ಉಳಿಯುತ್ತಿರಲಿಲ್ಲ, ಬ್ರೆಡ್ಡು ಚಹಾದಲ್ಲೇ ದಿನ ದೂಡಿದ್ದರು. ಚಳಿಗಾಲದಲ್ಲೊಮ್ಮೆ ಸೂರತ್ತಿನ ಹತ್ತಿರ ಮುಸ್ಸಂಜೆಯಲ್ಲಿ ಫೈರ್‌ಮನ್ "ಸಿಗ್ನಲ್ ಡೌನ್ ಹೈ" ಎಂದು ಕೂಗಿದ. ಇವರಿಗೆ ಬರೀ ಬೂದು ಬಣ್ಣ. "ನಾನೂ ಹೇಳಿದೆ ಭಾಯಿ. ನೋಡದೆ ಹೇಳಿದೆ." ಗಾಡಿ ಸುರಕ್ಷಿತವಾಗಿ ಹೋಯಿತು. ಆದರೆ ಅಂದಿನಿಂದ ನಿದ್ದೆಯಿಲ್ಲ ಎಂದು ಆ ದೊಡ್ಡ ದೇಹದ ಮನುಷ್ಯ ಬಿಕ್ಕಿ ಅತ್ತರು. ಯಜಮಾನರು ಅವರ ಹೆಗಲ ಮೇಲೆ ಕೈಯಿಟ್ಟು ಕೂತಿದ್ದರು. ನಾನು ಒಳಗೆ ಹೋಗಿ, ಯಜಮಾನರು ಹೇಳುತ್ತಿದ್ದ ಪ್ರಾರ್ಥನೆಯನ್ನೇ ಮೊದಲ ಸಲ ಹೇಳಿದೆ. ಕಣ್ಣು ಬರಲಿ.

ಮರುದಿನ ಎಸ್ತೇರಬಾಯಿಯೇ ಅವರನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಬಯ್ದರಂತೆ, ಮೊದಲೇ ಹೇಳಬಾರದಿತ್ತೇ, ಇದು ವಾಸಿಯಾಗುವಂಥದ್ದು ಎಂದು. ಹೊಟ್ಟೆಗೆ ಔಷಧ, ಮೀನೆಣ್ಣೆಯ ಗುಳಿಗೆ ಕೊಟ್ಟರು. ರೋಜಾ ಬಿಡಬೇಕಾಗಿಲ್ಲ, ಆದರೆ ಸಂಜೆ ಮತ್ತು ಬೆಳಗಿನ ಜಾವದ ಊಟದಲ್ಲಿ ಸೊಪ್ಪು, ಮೊಟ್ಟೆ, ಹಾಲು ತಪ್ಪಬಾರದು ಎಂದರು.

ಸೊಪ್ಪೆಂದರೆ ನಮ್ಮವ್ವ ಸೋದರತ್ತೆಗೆ ತಿನ್ನಿಸಿದ್ದು ನುಗ್ಗೆಸೊಪ್ಪು. ಕಾಲೋನಿಯ ಹಿಂದೆ ನುಗ್ಗೆಮರಗಳಿಗೆ ಬರವಿರಲಿಲ್ಲ. ಅಲ್ಲಿಯವರು ಕಾಯಿ ತಿನ್ನುತ್ತಿದ್ದರು, ಎಲೆಯನ್ನು ಆಡಿಗೆ ಹಾಕುತ್ತಿದ್ದರು. ನಾನು ದಿನಾ ಪಲ್ಯ ಮಾಡಿದೆ, ಬೇಳೆಗೆ ಹಾಕಿದೆ, ಮೊಟ್ಟೆಯೊಂದಿಗೆ ಹುರಿದೆ. ನನ್ನ ಗಂಡನಿಗೆ ಆಡಿನ ಮೇವು ತಿನ್ನಿಸುತ್ತೀಯಾ ಎಂದು ಭಾಭಿ ಮೂಗು ಮುರಿದಳು. ಈದ್ ಬರುವಷ್ಟರಲ್ಲಿ ನಾನು ಮ್ಯಾ ಅನ್ನದಿದ್ದರೆ ಸಾಕು ಎಂದು ಉಸ್ಮಾನ್ ಭಾಯಿ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದರು. ಕೆಳಗಿನ ಕೊಂಬೆಗಳು ಬರಿದಾದ ಮೇಲೆ ಮರ ಹತ್ತಿದವರು ಯಾರು ಗೊತ್ತೇ? ದಾನಿಯೇಲ್ ಕಾಕಾ. ಅರವತ್ತು ದಾಟಿದ ಮನುಷ್ಯ ಧೋತರ ಕಚ್ಚೆ ಹಾಕಿ ಕುಡುಗೋಲು ಹಿಡಿದು ಹತ್ತಿದರು. ಕೆಳಗೆ ಹಮೀದಾ ಸೆರಗೊಡ್ಡಿದಂತೆ ಫ್ರಾಕು ಹಿಡಿದು ನಿಲ್ಲುತ್ತಿದ್ದಳು. ಬುಧವಾರಗಳಂದು ನಾವು ಐದೂ ಮನೆಯವರು ಹೊತ್ತು ಮುಳುಗುವ ತನಕ ಉಪವಾಸವಿದ್ದು ಅದೇ ಬೇವಿನ ಕೆಳಗೆ ಸೇರುತ್ತಿದ್ದೆವು. ಅವರ ನಮಾಜು ಮುಗಿದ ಮೇಲೆ ನಮ್ಮ ಪ್ರಾರ್ಥನೆ. ಕಾಕಾ ಗುಜರಾತಿಯಲ್ಲಿ ಬೇಡುತ್ತಿದ್ದರು, ಬರೀ ಕಣ್ಣಿಗಾಗಿ.

ಇಪ್ಪತ್ತೊಂಬತ್ತನೆಯ ರೋಜಾದ ಸಂಜೆ. ಅಂದು ಚಂದ್ರ ಕಂಡರೆ ನಾಳೆ ಈದ್. ಕಾಲೋನಿಯ ಗಂಡಸರು ಮಕ್ಕಳೆಲ್ಲ ಹಳಿ ದಾಟುವ ಮೇಲ್ಸೇತುವೆಯ ಮೇಲೆ ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು. ನಾವೂ ಹೋದೆವು. ಯಾರ್ಡಿನ ಹೊಗೆ ಆಕಾಶಕ್ಕೆಲ್ಲ ಹರಡಿತ್ತು. ಅಲ್ಲಿ, ಇಲ್ಲಿ ಎಂದು ಹುಡುಗರು ಕೈ ತೋರಿಸುತ್ತಿದ್ದರು, ನೋಡಿದರೆ ಏನೂ ಇಲ್ಲ. ಹೊತ್ತು ಸರಿಯಿತು. ಕೆಲವರು ಮೆಟ್ಟಿಲಿಳಿಯತೊಡಗಿದರು.

ಉಸ್ಮಾನ್ ಭಾಯಿ ಕಂಬಿ ಹಿಡಿದು ಒಂದು ಕಡೆ ನಿಂತಿದ್ದರು. ಅವರು ಹುಡುಕುತ್ತಿರಲಿಲ್ಲ, ಒಂದೇ ಕಡೆ ನೋಡುತ್ತಿದ್ದರು. ಆಮೇಲೆ ಕೈಯೆತ್ತಿ, ಕೂಗದೆ, ಪಕ್ಕದಲ್ಲಿದ್ದ ಯಜಮಾನರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದರು, "ಸಿಗ್ನಲ್ ಡೌನ್ ಹೈ."

ಯಜಮಾನರು ಆ ಬೆರಳಿನ ನೇರಕ್ಕೆ ನೋಡಿದರು. ಏನೂ ಹೇಳಲಿಲ್ಲ. ಹೂಂ ಅನ್ನಲೂ ಇಲ್ಲ. ಉಸ್ಮಾನ್ ಭಾಯಿಯೂ ಅವಸರ ಮಾಡಲಿಲ್ಲ, ಕೈ ಇಳಿಸಲಿಲ್ಲ. ಹೊಗೆ ಸ್ವಲ್ಪ ಸರಿಯಿತು. ಉಗುರಿನ ಗೀರಿಗಿಂತ ಸಣ್ಣದೊಂದು ಗೆರೆ.

"ಸಿಗ್ನಲ್ ಡೌನ್ ಹೈ," ಎಂದರು ಯಜಮಾನರು.

ಆಮೇಲೆ ಇಡೀ ಸೇತುವೆ ಅಲುಗಾಡಿತು. ಇಳಿದವರೆಲ್ಲ ಓಡಿ ಬಂದರು. ಅಬ್ಬಾ ನೋಡಿದರು, ಮೊದಲು ಅವರೇ ನೋಡಿದರು ಎಂದು ಹಮೀದಾ ಎಲ್ಲರ ಅಂಗಿ ಹಿಡಿದೆಳೆದು ಹೇಳುತ್ತಿದ್ದಳು. ಕಾಕಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ಹಾಕಿಕೊಳ್ಳಲು ಮರೆತರು.

ಮರುದಿನ ಭಾಭಿ ದೊಡ್ಡ ಪಾತ್ರೆಯ ತುಂಬ ಶಾವಿಗೆಯ ಖೀರು ತಂದಳು. ನಮ್ಮ ಲೆಂಟ್ ಇನ್ನೂ ಮುಗಿದಿರಲಿಲ್ಲ, ಕಾಕಾ ಆ ನಲವತ್ತು ದಿನ ಸಿಹಿ ಬಿಟ್ಟಿದ್ದರು. ಕರ್ಚಿಕಾಯಿಗೆ ಇದು ಲೆಕ್ಕ ಚುಕ್ತಾ ಎಂದು ಭಾಭಿ ನನ್ನನ್ನು ಚಿವುಟಿದಳು. ಕಾಕಾ ಒಂದು ಕ್ಷಣ ಯೋಚಿಸಿ ಎರಡು ಬಟ್ಟಲು ಖೀರು ಕುಡಿದರು.

ಪರೀಕ್ಷೆಯ ದಿನ ಉಸ್ಮಾನ್ ಭಾಯಿ ಕತ್ತಲ ಕೋಣೆಯಲ್ಲಿ ಒಂದು ದೀಪವನ್ನೂ ತಪ್ಪು ಹೇಳಲಿಲ್ಲ. ಕೆಲವು ದಿನಗಳ ನಂತರ ಸೂರತ್ತಿನ ಪ್ಯಾಸೆಂಜರ್ ನಮ್ಮ ಕಾಲೋನಿಯ ಹಿಂದೆ ಹಾದುಹೋಗುವಾಗ ಉದ್ದನೆಯ ಸೀಟಿ ಕೇಳಿತು. ಭಾಭಿ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡಿ ಬಂದಳು. ನಾವಿಬ್ಬರೂ ಬೇವಿನ ಕೆಳಗೆ ಕೈ ಕೈ ಹಿಡಿದು ನಿಂತಿದ್ದೆವು, ಕಡೆಯ ಡಬ್ಬಿ ಹೋಗುವ ತನಕ.

ಮೂರು ವರ್ಷಕ್ಕೆ ನಮಗೆ ಹುಬ್ಬಳ್ಳಿಗೆ ವರ್ಗವಾಯಿತು. ಉಸ್ಮಾನ್ ಭಾಯಿ ಡ್ರೈವರಾಗಿಯೇ ನಿವೃತ್ತರಾದರೆಂದು ಹಮೀದಾ ಬರೆದಿದ್ದಳು. ಯಜಮಾನರೂ ನಾನೂ ಪ್ರತಿ ವರ್ಷ ಈದಿನ ಹಿಂದಿನ ಸಂಜೆ ಮಾಳಿಗೆ ಹತ್ತುತ್ತಿದ್ದೆವು. ಮೊದಲು ಕಂಡವರು ಹೇಳಬೇಕು, ಇನ್ನೊಬ್ಬರು ನೋಡಿಯೇ ಹೇಳಬೇಕು. ವಯಸ್ಸಾದ ಮೇಲೆ ಎಷ್ಟೋ ಸಲ ಅವರಿಗೆ ಕಾಣುವ ತನಕ ನಾನು ಕೈ ತೋರಿಸಿ ಕಾದು ನಿಂತಿದ್ದೇನೆ. ಹೋದ ವರ್ಷ ಅವರಿಗೆ ಮಂಚದಿಂದ ಏಳಲಾಗಲಿಲ್ಲ. ನಾನು ನೋಡಿ ಬಂದು ಹೇಳಿದೆ. ಅವರು ನಕ್ಕರು. "ನೋಡಲಾರದ ಹೆಂಗ ಹೇಳ್ಲಿ?" ಎಂದು ನನ್ನ ಕೈ ಹಿಡಿದುಕೊಂಡರು.

ಈ ವರ್ಷ ಒಬ್ಬಳೇ ಮಾಳಿಗೆ ಹತ್ತಿದೆ. ಮೊಣಕಾಲು ನೋವಿನಲ್ಲಿ ಮೆಟ್ಟಿಲಿಗೊಮ್ಮೆ ನಿಂತು ಹತ್ತಿದೆ. ಚಂದ್ರ ಕಂಡಿತು. "ಸಿಗ್ನಲ್ ಡೌನ್ ಹೈ" ಎಂದೆ. ಅಂದು ಉಸ್ಮಾನ್ ಭಾಯಿ ಕಾದಂತೆ ಕೈ ಇಳಿಸದೆ ಸ್ವಲ್ಪ ಹೊತ್ತು ಕಾದೆ. ಆಮೇಲೆ ಇನ್ನೊಮ್ಮೆ, ಅವರ ಬದಲಿಗೆ, ಚೆನ್ನಾಗಿ ನೋಡಿದೆ. ನೋಡಿ, ಪಕ್ಕದ ಮಾಳಿಗೆಯವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ.